ಅವ್ವನಿಗೆ ಹೇಳಿದ ಇಂಗ್ಲಿಷ್ ಕಾದಂಬರಿ

ಗುಂಡ್ಲುಪೇಟೆಯ ಕಾಲೇಜಿಗೆ ನಾನು ಇಂಗ್ಲಿಷ್ ಅಧ್ಯಾಪಕಿಯಾಗಿ ಸೇರಿದಾಗ ಎರಡು ಸಾವಿರದ ಇಸವಿ ದಾಟಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಮನೆ ಇದ್ದದ್ದು ಚಾಮರಾಜನಗರದಲ್ಲಿ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ನಮ್ಮ ಹಳ್ಳಿ ಚಂದಕವಾಡಿಯಿಂದ ಈ ಪೇಟೆಗೆ ಕರೆತರುವುದೇ ದೊಡ್ಡ ಕೆಲಸವಾಗಿತ್ತು. ಈಗ ಮತ್ತೆ ಮನೆ ಬದಲಾಯಿಸೋಣ ಎಂದರೆ ಅವಳು ಕೇಳುವವಳಲ್ಲ. "ಇಲ್ಲಿ ಈಗ್ತಾನೆ ಅಕ್ಕಪಕ್ಕದೋರು ಮಾತಾಡುಸ್ತಾವ್ರೆ. ನಾನು ಎಲ್ಗೂ ಬರಕಿಲ್ಲ ಕಣಮ್ಮಿ, ನೀನೇ ಓಗ್ಬುಟ್ಟು ಬಾ" ಎಂದುಬಿಟ್ಟಳು. ಹಾಗಾಗಿ ಬೆಳಿಗ್ಗೆ ಬಸ್ಸು ಹತ್ತಿ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ವಾಪಸು ಬರುವುದು ನನ್ನ ದಿನಚರಿಯಾಯಿತು.

ಕಾಲೇಜಿನಲ್ಲಿ ಎಲ್ಲರೂ ಓದಲೇಬೇಕಾದ ಇಂಗ್ಲಿಷ್ ತರಗತಿಯೆಂದರೆ ಸಂತೆ. ಬೆಂಚು ಸಾಲದೆ ಹುಡುಗರು ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಆದರೆ ಇಂಗ್ಲಿಷನ್ನು ತಾವಾಗಿಯೇ ಐಚ್ಛಿಕ ವಿಷಯವಾಗಿ ಆರಿಸಿಕೊಂಡವರು ಬೆರಳೆಣಿಕೆಯಷ್ಟು. ಗ್ರಂಥಾಲಯದ ಹಿಂದಿದ್ದ ಒಂದು ಸಣ್ಣ ಕೋಣೆಯನ್ನು ನಮಗೆ ಕೊಟ್ಟಿದ್ದರು. ಮುರಿದ ಕಪಾಟುಗಳನ್ನು ಒಂದು ಮೂಲೆಗೆ ತಳ್ಳಿ ಉಳಿದ ಜಾಗದಲ್ಲಿ ನಾವು ಕೂರುತ್ತಿದ್ದೆವು. ಅಲ್ಲಿ ನಾನು ಅವರಿಗೆ ವಾರಕ್ಕೆರಡು ದಿನ ಬರವಣಿಗೆ ಕಲಿಸಬೇಕಿತ್ತು. ಉಳಿದ ದಿನ ವಿಕ್ಟೋರಿಯಾ ರಾಣಿಯ ಕಾಲದ ಸಾಹಿತ್ಯ.

ಮೈಸೂರಿನಲ್ಲಿ ಎಂ.ಎ. ಓದುವಾಗ ನನ್ನನ್ನು ಹಿಡಿದಿಟ್ಟಿದ್ದೇ ಆ ಕಾಲದ ಕಾದಂಬರಿಗಳು. ದಪ್ಪ ದಪ್ಪ ಪುಸ್ತಕಗಳು, ಮುಗಿಯದ ವಾಕ್ಯಗಳು, ಕಿಟಕಿಯ ಬಳಿ ಕೂತು ಯಾರಿಗಾಗಿಯೋ ಕಾಯುವ ಹೆಂಗಸರು. ನಮ್ಮ ಪಠ್ಯದಲ್ಲಿದ್ದ ಕಾದಂಬರಿಯೂ ಅಂಥದ್ದೇ. ಬಡ ಪಾದ್ರಿಯೊಬ್ಬ ಸತ್ತು, ಅವನ ಇಬ್ಬರು ಹೆಣ್ಣುಮಕ್ಕಳು ಮನೆ ಬಿಟ್ಟು ಹೋಗಬೇಕಾಗುತ್ತದೆ. ಹಿರಿಯವಳು ಬಟ್ಟೆ ಗಿರಣಿಗಳ ಊರಿಗೆ ಹೋಗಿ ಹೊಲಿಗೆ ಮಾಡಿ ಬದುಕುತ್ತಾಳೆ. ಗಿರಣಿಯ ಮೇಸ್ತ್ರಿಯೊಬ್ಬ ಅವಳನ್ನು ಮೆಚ್ಚುತ್ತಾನೆ, ಮಾತು ಕೊಟ್ಟು ಹಡಗು ಹತ್ತುತ್ತಾನೆ. ಅವಳು ಕಾಯುತ್ತಾಳೆ. ಪುಸ್ತಕದ ಅರ್ಧಕ್ಕಿಂತ ಹೆಚ್ಚು ಭಾಗ ಅವಳು ಕಾಯುವುದರಲ್ಲೇ ಹೋಗುತ್ತದೆ.

ಮೊದಲ ತಿಂಗಳು ನನ್ನ ಪಾಠ ಪೂರಾ ಸೋತಿತು. ಒಂದೊಂದು ಪುಟದಲ್ಲೂ ಹತ್ತಾರು ವಸ್ತುಗಳು ಅಡ್ಡ ಬರುತ್ತಿದ್ದವು. ಫೈರ್‌ಪ್ಲೇಸ್ ಎಂದರೆ ಗೋಡೆಯೊಳಗಿನ ಬೆಂಕಿಯ ಗೂಡು ಎಂದು ವಿವರಿಸಿದೆ. ಬಳೆ ಅಂಗಡಿಯವರ ಹುಡುಗನೊಬ್ಬನಿದ್ದ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಅಂಗಡಿಗೆ ಬರುವ ಕೇರಳದ ಗಿರಾಕಿಗಳ ಹತ್ತಿರ ಮಲಯಾಳ ಮಾತಾಡುವವನು. ಅವನು ಕೇಳಿದ:

"ಒಲೆನಾ ಮೇಡಂ?"

"ಒಲೆಯ ಹಾಗೇ. ಆದರೆ ಅದರಲ್ಲಿ ಅಡುಗೆ ಮಾಡಲ್ಲ."

"ಮತ್ತೆ ಸುಮ್ನೆ ಯಾಕೆ ಸೌದೆ ಉರುಸ್ತಾರೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಕೂತಾಗ ಬೇಸರವಾಯಿತು. ಆ ಬೆಂಕಿಯ ಮುಂದೆ ನಾನೂ ಯಾವತ್ತೂ ಕೂತವಳಲ್ಲ. ನಾನು ಪ್ರೀತಿಸುತ್ತಿದ್ದ ದೇಶ ಪುಸ್ತಕದಲ್ಲಿ ಮಾತ್ರ ಇತ್ತು, ಅದೂ ನೂರು ವರ್ಷಕ್ಕೂ ಹಳೆಯದು.

ಬರವಣಿಗೆಯ ತರಗತಿಯೂ ಅಷ್ಟೇ. 'ನನ್ನ ಊರು' ಎಂದು ಬರೆಯಲು ಹೇಳಿದರೆ ಎಲ್ಲರೂ ಗೈಡಿನಿಂದ ಒಂದೇ ಊರನ್ನು ಇಳಿಸಿಕೊಂಡು ಬಂದಿದ್ದರು. ಆ ಊರಿನಲ್ಲಿ ನದಿ ಹರಿಯುತ್ತಿತ್ತು, ಹಕ್ಕಿಗಳು ಚಿಲಿಪಿಲಿಗುಟ್ಟುತ್ತಿದ್ದವು, ಜನರೆಲ್ಲ ಸಂತೋಷವಾಗಿದ್ದರು. ಬಂಡೀಪುರದ ಕಡೆಯ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಮಾತ್ರ ಏನೂ ಬರೆಯದೆ ಕೂತಿದ್ದಳು. ಚೆಂಡುಹೂವಿನ ಕೊಯ್ಲಿನ ಕಾಲ. ರಜೆಯ ದಿನ ಅವಳೂ ಹೊಲದಲ್ಲಿ ಹೂ ಬಿಡಿಸುತ್ತಿದ್ದಳು, ಬೆರಳ ತುದಿಗಳೆಲ್ಲ ಹಳದಿ ಹಿಡಿದಿದ್ದವು. "ಬರೆಯೋದು ಬೇಡ, ಬಾಯಲ್ಲಿ ಹೇಳು" ಎಂದೆ.

"ಏನಿದ್ದದು ಮೇಡಂ ನಮ್ಮೂರ್ಲಿ? ಈಗ ಎಲ್ಲಿ ನೋಡುದ್ರೂ ಹೂವೇ. ಲಾರಿಗೆ ತುಂಬ್ತೀವಿ, ಕೇರಳಕ್ಕೆ ಓಯ್ತದೆ. ನಾವ್ಯಾರೂ ಮುಡ್ಕೊಳ್ಳಲ್ಲ, ಕೆಟ್ಟ ವಾಸ್ನೆ."

"ಇದನ್ನೇ ಇಂಗ್ಲಿಷಿನಲ್ಲಿ ಬರಿ."

ಅವಳು ಬರೆದಳು. ಮೂರು ಸಣ್ಣ ವಾಕ್ಯ, ಅದರಲ್ಲಿ ತಪ್ಪುಗಳೂ ಇದ್ದವು. ಅದನ್ನು ಓದಿದಾಗ ಆ ಕೋಣೆಗೆ ಮೊದಲ ಸಲ ಒಂದು ಊರು ಬಂತು ಅನ್ನಿಸಿತು.

ಕಾದಂಬರಿಗೆ ಮಾತ್ರ ದಾರಿ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ಅವ್ವನಿಂದ. ಒಂದು ಸಂಜೆ ಅವಳು ಮೊರದಲ್ಲಿ ಹುರುಳಿಕಾಳು ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ನಾನು ಪಕ್ಕದಲ್ಲಿ ಪುಸ್ತಕ ಹಿಡಿದು ನಾಳೆಯ ಪಾಠಕ್ಕೆ ಗುರುತು ಹಾಕಿಕೊಳ್ಳುತ್ತಿದ್ದೆ.

"ದಿನಾ ಅದೇನಮ್ಮಿ ಅಂಗೆ ಓದೀಯೇ? ನಂಗೂ ಒಸಿ ಯೋಳು" ಎಂದಳು.

ಹೇಳತೊಡಗಿದೆ. ಪಾದ್ರಿ ಸತ್ತ, ಆ ಮನೆ ಅವರ ಸ್ವಂತದ್ದಲ್ಲ, ಹೊಸ ಪಾದ್ರಿ ಬರುವಷ್ಟರಲ್ಲಿ ಖಾಲಿ ಮಾಡಬೇಕು ಎಂದೆ. ಅವ್ವನ ಕೈ ನಿಂತಿತು.

"ಅಪ್ಪ ಸತ್ತ ಅಂತ ಮನೆ ಬುಡುಸ್ಬುಟ್ರಾ? ಎಲ್ಲಿಗ ಓದವು ಆ ಮಕ್ಳು? ಸೋದರಮಾವ ಇರ್ನಿಲ್ವಾ?"

"ಇದ್ದ, ದೂರದಲ್ಲಿದ್ದ."

"ದೂರ ಅಂದ್ರ? ಸಾವಿಗೂ ಬರ್ನಿಲ್ವಾ?"

ಸೋದರಮಾವ ಯಾಕೆ ಬರಲಿಲ್ಲ ಎಂದು ನಾನು ಯೋಚಿಸಿಯೇ ಇರಲಿಲ್ಲ. ಎಂ.ಎ.ಯಲ್ಲಿ ಆ ಕಾದಂಬರಿಯ ಮೇಲೆ ಉದ್ದನೆಯ ಪ್ರಬಂಧ ಬರೆದವಳು ನಾನು. ಅದರಲ್ಲಿ ಕೈಗಾರಿಕೆ, ವರ್ಗ, ಧರ್ಮ ಎಲ್ಲ ಇದ್ದವು. ಅವ್ವನಿಗೆ ಅವುಗಳ ಗೊಡವೆ ಇರಲಿಲ್ಲ, ಅವಳಿಗೆ ಮುಂದೇನಾಯಿತು ಎಂದು ತಿಳಿಯಬೇಕಿತ್ತು.

ಮರುದಿನ ತರಗತಿಯಲ್ಲಿ ಪುಸ್ತಕ ತೆರೆಯುವ ಮುಂಚೆ, ನಮ್ಮವ್ವ ಹೀಗೆ ಕೇಳಿದಳು ನೋಡಿ ಎಂದೆ. ಹುಡುಗರು ಸರಿಯಾಗಿ ಕೂತರು. ಸೋದರಮಾವನ ಬಗ್ಗೆ ಜಗಳವೇ ಆಯಿತು. ಆಮೇಲೆ ಅವರೇ ಪುಟ ತಿರುಗಿಸಿ ಹುಡುಕಿದರು. ಅಂದಿನಿಂದ ಅದೇ ರೂಢಿಯಾಯಿತು. ಸಂಜೆ ಅವ್ವನಿಗೆ ಒಂದು ಅಧ್ಯಾಯ ಹೇಳುತ್ತಿದ್ದೆ, ಬೆಳಿಗ್ಗೆ ಆ ಅಧ್ಯಾಯವನ್ನು ಹುಡುಗರೊಂದಿಗೆ ಓದುತ್ತಿದ್ದೆ. ನಾನು ಒಳಗೆ ಕಾಲಿಡುತ್ತಿದ್ದ ಹಾಗೆ ಅವರು ಕೇಳುತ್ತಿದ್ದರು: "ಅವ್ವ ಏನಂದ್ರು ಮೇಡಂ?"

ಅವ್ವ ಏನಾದರೂ ಅಂದೇ ಇರುತ್ತಿದ್ದಳು. ಮೇಸ್ತ್ರಿಯ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಚಿಕ್ಕ ಮಗಳು ಶ್ರೀಮಂತ ಮುದುಕಿಯ ಮನೆ ಸೇರಿದ್ದು ಅವಳಿಗೆ ಮೆಚ್ಚುಗೆಯಾಗಿತ್ತು. ಕತೆ ಕೇಳುತ್ತ ಕೇಳುತ್ತ ಒಮ್ಮೊಮ್ಮೆ ನನ್ನ ಕಡೆಗೂ ತಿರುಗುತ್ತಿದ್ದಳು.

"ಅವ್ಳಿಗಾರ ಕಾಯಾಕೆ ಒಬ್ಬ ಅವ್ನೆ. ನೀನು ಯಾರ್ಗ ಕಾಯ್ತ ಕೂತಿದ್ದೀಯಮ್ಮಿ?"

ಆ ವರ್ಷವೇ ನಂಜನಗೂಡಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಬ್ಯಾಂಕಿನಲ್ಲಿದ್ದವರು, ಒಳ್ಳೆಯ ಮನುಷ್ಯ. ಮೈಸೂರಿಗೆ ವರ್ಗ ಮಾಡಿಸಿಕೊಳ್ಳುತ್ತೀರಾ ಎಂದು ಮೃದುವಾಗಿ ಕೇಳಿದರು. ಈ ಹುಡುಗರ ಬಿ.ಎ. ಮುಗಿಯಲಿ ಎಂದೆ. ಅವರು ಕಾಯಲಿಲ್ಲ. ಅವ್ವ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಸಂಜೆ ಮುಖ ತಿರುಗಿಸಿಕೊಂಡೇ, "ಮುಂದ್ಕ ಏನಾಯ್ತು ಯೋಳು" ಎಂದಳು.

ಮಳೆ ಜೋರು ಹಿಡಿದ ಮೇಲೆ ಅವ್ವನಿಗೆ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಆಸೆ ಹುಟ್ಟಿತು. ಮದುವೆಯಾದ ಹೊಸತರಲ್ಲಿ ಅಪ್ಪನ ಜೊತೆ ಹೋದದ್ದು ಬಿಟ್ಟರೆ ಮತ್ತೆ ಹೋಗಿರಲಿಲ್ಲವಂತೆ. ಈ ಮಾತು ಕೇಳಿದ್ದೇ ತಡ, ಬಳೆ ಅಂಗಡಿಯ ಹುಡುಗ ತನ್ನ ಚಾಚಾನ ಜೀಪು ಗೊತ್ತುಮಾಡಿದ. ಒಂದು ರಜೆಯ ದಿನ ಅವ್ವ ನನ್ನೊಡನೆ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಬಂದಳು. ಬಸ್ ಸ್ಟ್ಯಾಂಡಿನಲ್ಲಿ ಇಡೀ ತರಗತಿ ನಿಂತಿತ್ತು. ಇಷ್ಟು ದಿನ ಪರಸ್ಪರ ಮಾತು ಮಾತ್ರ ಕೇಳಿಸಿಕೊಂಡವರು ಒಬ್ಬರನ್ನೊಬ್ಬರು ನೋಡಿ ನಾಚಿಕೊಂಡರು. ಅವ್ವನೇ ಹೂ ಬಿಡಿಸುವ ಹುಡುಗಿಯ ಕೈ ಹಿಡಿದು, "ನೀನೇ ಅಲ್ವಾ ಆ ಚೆಂಡುಹೂವಿನೋಳು? ಬಾ, ನನ್ ಪಕ್ಕ ಕೂತ್ಕೋ" ಎಂದಳು.

ಹಂಗಳ ದಾಟಿ ಕಾಡಿನೊಳಗೆ ಏರುತ್ತ ಹೋದ ಹಾಗೆ ಮಂಜು ದಟ್ಟವಾಯಿತು. ಬೆಟ್ಟದ ಮೇಲೆ ಜೀಪಿನಿಂದ ಇಳಿದರೆ ದೇವಸ್ಥಾನದ ಗೋಪುರವೂ ಸರಿಯಾಗಿ ಕಾಣದು. ಗಂಟೆಯ ಸದ್ದು ಮಾತ್ರ ಕೇಳುತ್ತಿತ್ತು. ದರ್ಶನ ಮುಗಿಸಿ ಹೊರಗೆ ಬಂದು ಕಲ್ಲುಕಟ್ಟೆಯ ಮೇಲೆ ಕೂತೆವು. ಎದುರಿಗಿದ್ದ ಹುಲ್ಲಿನ ಇಳಿಜಾರು ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲವಾಗುತ್ತಿತ್ತು. "ಕಾದಂಬರಿಯಲ್ಲಿ ಬರುವ ಮರವಿಲ್ಲದ ಬಯಲು, ಮಂಜು, ಅದು ಸುಮಾರು ಹೀಗೇ ಇರಬೇಕು" ಎಂದೆ.

"ನೀವು ಇಂಗ್ಲೆಂಡ್ ನೋಡಿದ್ದೀರಾ ಮೇಡಂ?" ಹುಡುಗಿ ಕೇಳಿದಳು.

"ಇಲ್ಲ."

"ನೋಡ್ಬೇಕು ಅನ್ಸಲ್ವಾ?"

"ದಿನಾ ಅನ್ನಿಸುತ್ತೆ" ಎಂದೆ. ಯಾರ ಮುಂದೆಯೂ ಆ ಮಾತು ಹೇಳಿದವಳಲ್ಲ.

ಅವ್ವ ನನ್ನನ್ನೇ ನೋಡುತ್ತಿದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅಷ್ಟರಲ್ಲಿ ಬಳೆ ಅಂಗಡಿಯ ಹುಡುಗ ಅವಳ ಕಾಲ ಬಳಿ ಬಂದು ಕೂತ. "ಅವ್ವಾ, ಆ ಕತೆ ನಿಮ್ ಬಾಯಲ್ಲಿ ಒಂದ್ಸಲ ಹೇಳಿ" ಎಂದ. ಅವಳು ಒಪ್ಪಲಿಕ್ಕಿಲ್ಲ ಎಂದುಕೊಂಡಿದ್ದೆ. ಅವಳು ಗಂಟಲು ಸರಿಮಾಡಿಕೊಂಡಳು.

"ಒಂದೂರು. ಅಲ್ಲಿ ಯಾವಾಗ್ಲೂ ಇಂಗೇ ಮಂಜು. ಆ ಊರ್ಲಿ ಒಬ್ಬ ಪಾದ್ರಿ. ಒಳ್ಳೆಯವ್ನೇ, ಆದ್ರ ನಾಳಕ ಅಂತ ಏನೂ ಮಾಡಿಟ್ಟೋನಲ್ಲ. ಅಂವ್ಗ ಎರಡು ಎಣ್ಮಕ್ಳು. ದೊಡ್ಡೋಳು ಬಾಯ್ಬುಡೋಳಲ್ಲ. ಚಿಕ್ಕೋಳು ಬಾಯ್ಮುಚ್ಚೋಳಲ್ಲ."

ಅವಳ ಕತೆಯಲ್ಲಿ ಲಂಡನ್ನು ಮೈಸೂರಿನಷ್ಟು ದೂರದಲ್ಲಿತ್ತು. ಕುದುರೆ ಸಾರೋಟು ಜೋಡೆತ್ತಿನ ಗಾಡಿಯಾಗಿತ್ತು. ಹಿರಿಯ ಮಗಳು ಸೂಜಿಗೆ ದಾರ ಪೋಣಿಸಲು ಬೆಳಕು ಸಾಲದೆ ಬಾಗಿಲ ಬಳಿ ಹೋಗಿ ಕೂರುತ್ತಿದ್ದಳು. ಪುಸ್ತಕದಲ್ಲಿ ಆ ಮಾತಿರಲಿಲ್ಲ, ನಾನೂ ಹೇಳಿರಲಿಲ್ಲ. ಮೇಸ್ತ್ರಿ ಆ ಬೀದಿಯಲ್ಲಿ ಹಾದುಹೋಗುವಾಗ ಅವಳನ್ನು ನೋಡಿದ್ದು ಹಾಗೆ ಎಂದಳು ಅವ್ವ. ಹುಡುಗರು ಒತ್ತೊತ್ತಾಗಿ ಸರಿದು ಕೂತರು. ಜೀಪಿನ ಚಾಚಾ ಕೂಡ ಬೀಡಿ ಆರಿಸಿ ಹತ್ತಿರ ಬಂದು ನಿಂತಿದ್ದರು. ಮೇಸ್ತ್ರಿ ಹಡಗು ಹತ್ತಿದಲ್ಲಿಗೆ ಅವ್ವ ನಿಲ್ಲಿಸಿದಳು.

"ಮುಂದೆ?"

"ಮುಂದ್ಕ ಇವ್ಳು ಇನ್ನೂ ಯೋಳಿಲ್ಲ. ಯೋಳುದ್ರ ನಾನೂ ಯೋಳ್ತಿನಿ."

ಗೈಡು ಓದಿದ್ದ ಹುಡುಗರಿಗೆ ಕೊನೆ ಏನೆಂದು ಆಗಲೇ ಗೊತ್ತಿತ್ತು. ಒಬ್ಬ ಬಾಯಿ ತೆರೆಯಹೋದ. ಹುಡುಗಿ ಅವನನ್ನು ಮೊಣಕೈಯಿಂದ ತಿವಿದು ಸುಮ್ಮನಾಗಿಸಿದಳು. "ಅಂವ ಬತ್ತನಾ ಅವ್ವಾ?" ಎಂದು ತಾನೇ ಏನೂ ತಿಳಿಯದವಳಂತೆ ಕೇಳಿದಳು.

"ಬತ್ತನೋ, ಇಲ್ವೋ. ಬಂದ್ರೂ ಇವ್ಳು ಬಾಗ್ಲ ತೆಗೀಬೇಕಲ್ಲ" ಎಂದಳು ಅವ್ವ.

ಮುಂದಿನ ವಾರ ಬರವಣಿಗೆಯ ತರಗತಿಯಲ್ಲಿ, ಅವ್ವ ಹೇಳಿದ ಕತೆಯನ್ನು ಅವಳು ಹೇಳಿದ ಹಾಗೆಯೇ ಇಂಗ್ಲಿಷಿನಲ್ಲಿ ಬರೆಯಿರಿ ಎಂದೆ. 'ಬಾಯ್ಬುಡೋಳಲ್ಲ' ಎಂಬುದಕ್ಕೆ ಹುಡುಗಿ ಬಹಳ ಹೊತ್ತು ಒದ್ದಾಡಿದಳು. ಕೊನೆಗೆ, ದೊಡ್ಡ ಮಗಳು ಎಲ್ಲಿಗೆ ಹೋದರೂ ಬಾಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದಳು ಎಂಬರ್ಥದ ಒಂದು ವಾಕ್ಯ ಬರೆದು ತಂದಳು. ವ್ಯಾಕರಣದ ದೃಷ್ಟಿಯಿಂದ ತಿದ್ದಲು ಪೆನ್ನು ಎತ್ತಿದವಳು ಹಾಗೇ ಕೆಳಗಿಟ್ಟೆ. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ಸಂತೋಷಪಟ್ಟು ಓದಿದ ಉತ್ತರ ಇನ್ನೊಂದಿಲ್ಲ.

ದೀಪಾವಳಿ ಕಳೆದು ಚಳಿ ಶುರುವಾಗಿತ್ತು. ಒಂದು ಬೆಳಿಗ್ಗೆ ಅವ್ವನ ಕೈಯಿಂದ ಮೊರ ಜಾರಿ ಬಿತ್ತು. ಬಲಗೈ ಏಳಲಿಲ್ಲ. ಅವಳು ಏನೋ ಹೇಳಲು ನೋಡಿದಳು, ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಲಕ್ವ ಎಂದರು. ಚಾಮರಾಜನಗರದ ಆಸ್ಪತ್ರೆಯಿಂದ ಮೈಸೂರಿಗೆ ಕರೆದೊಯ್ದೆ. ಜೀವ ಉಳಿಯಿತು, ಮಾತು ಬರಲಿಲ್ಲ. ಅವ್ವನಿಗೆ ಬರೆಯಲು ಬರುತ್ತಿದ್ದುದು ತನ್ನ ಹೆಸರೊಂದೇ, ಅದೂ ಬಲಗೈಯಲ್ಲಿ.

ರಜೆ ಮುಗಿದ ಮೇಲೆ ನಾನು ಮತ್ತೆ ಬಸ್ಸು ಹತ್ತಲೇಬೇಕಾಯಿತು. ಹಗಲಲ್ಲಿ ಪಕ್ಕದ ಮನೆಯ ಭಾಬಿ ಬಂದು ಅವ್ವನ ಜೊತೆ ಕೂರುತ್ತಿದ್ದರು. ಸಂಜೆ ನಾನು ಬಂದು, ಅವಳಿಗೆ ಗಂಜಿ ಕುಡಿಸಿ, ಮಂಚದ ಪಕ್ಕದಲ್ಲಿ ಕೂತು ಕತೆ ಮುಂದುವರಿಸಿದೆ. ಅವ್ವ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದಳು. ಅವಳು ಕೇಳಬಹುದಾದ ಕಡೆ ನಾನು ನಿಲ್ಲಿಸುತ್ತಿದ್ದೆ. ಮನೆ ಸುಮ್ಮನಿರುತ್ತಿತ್ತು. ಮತ್ತೆ ಮುಂದುವರಿಸುತ್ತಿದ್ದೆ.

ತರಗತಿಯಲ್ಲಿ ಹುಡುಗರು, ಅವ್ವ ಏನಂದ್ರು ಎಂದು ಕೇಳುವುದನ್ನು ಬಿಟ್ಟಿದ್ದರು. ಅವ್ವ ಹೇಗಿದ್ದಾರೆ ಎಂದು ಮಾತ್ರ ಕೇಳುತ್ತಿದ್ದರು.

ಒಂದು ಸಂಜೆ ಕತೆಯ ಕೊನೆಗೆ ಬಂದೆವು. ಮೇಸ್ತ್ರಿ ವಾಪಸು ಬರುತ್ತಾನೆ. ತಲೆಗೂದಲು ನರೆತಿದೆ. ಹಿರಿಯವಳು ಈಗ ಸ್ವಂತ ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ಅವಳ ಕೈಕೆಳಗೆ ಹುಡುಗಿಯರು ಕೆಲಸ ಮಾಡುತ್ತಾರೆ. ಅವನು ಬಾಗಿಲು ತಟ್ಟುತ್ತಾನೆ. ಅವಳು ತೆರೆಯುತ್ತಾಳೆ. ಮುಂದಿನ ಪುಟದಲ್ಲಿ ಇಬ್ಬರಿಗೂ ಮದುವೆ. "ಅಷ್ಟೇ ಅವ್ವ, ಮುಗೀತು" ಎಂದೆ.

ಅವ್ವ ಎಡಗೈಯಿಂದ ನನ್ನ ಸೀರೆಯ ಅಂಚು ಹಿಡಿದಳು. ಗಂಟಲಿನಿಂದ ಒಂದು ಸದ್ದು ಬಂತು, ಮತ್ತೆ ಬಂತು. ಏನೋ ಹೇಳಬೇಕಿತ್ತು ಅವಳಿಗೆ.

"ಬಾಗಿಲು ತೆಗೀಬಾರದಿತ್ತು ಅಂತಾನಾ?"

ತಲೆ ಅಲ್ಲಾಡಿಸಿದಳು, ಅದಲ್ಲ.

"ತೆಗೆದದ್ದು ಒಳ್ಳೇದಾಯ್ತು ಅಂತಾನಾ?"

ಅದೂ ಅಲ್ಲ.

"ನನ್ನ ಮದುವೆ ವಿಷಯಾನಾ ಅವ್ವ?"

ಅವಳು ಕಣ್ಣು ಮುಚ್ಚಿಕೊಂಡಳು. ಎಳೆದುಕೊಂಡಿದ್ದ ಆ ತುಟಿಯಲ್ಲಿ ನಗುವಿತ್ತೋ ಅಳುವಿತ್ತೋ ನನಗೆ ಗುರುತು ಹಿಡಿಯಲಾಗಲಿಲ್ಲ. ಸೀರೆಯ ಅಂಚನ್ನು ಮಾತ್ರ ನಿದ್ದೆ ಬರುವವರೆಗೂ ಬಿಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವ್ವ ಹೋದಳು. ಚಂದಕವಾಡಿಯ ನಮ್ಮ ಹೊಲದಲ್ಲಿ, ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು. ಹುಡುಗರೆಲ್ಲ ಗುಂಡ್ಲುಪೇಟೆಯಿಂದ ಬಂದಿದ್ದರು. ಬಳೆ ಅಂಗಡಿಯ ಹುಡುಗ ನಮ್ಮ ಬಂಧುಗಳ ಜೊತೆ ಚಟ್ಟಕ್ಕೆ ಹೆಗಲು ಕೊಟ್ಟ. ಯಾರೂ ಅವನನ್ನು ಯಾರೆಂದು ಕೇಳಲಿಲ್ಲ.

ಕಾಲೇಜು ಮತ್ತೆ ಶುರುವಾದಾಗ ಅವರು ಕೊನೆಯ ವರ್ಷದಲ್ಲಿದ್ದರು. ಆ ಕಾದಂಬರಿಯ ಪರೀಕ್ಷೆ ಮುಗಿದುಹೋಗಿತ್ತು, ಹೊಸ ಪಠ್ಯ ಬಂದಿತ್ತು. ಮೊದಲ ದಿನ ಪುಸ್ತಕ ತೆರೆದೆ, ಒಂದು ಪುಟ ಓದಿದೆ. ಮುಂದಕ್ಕೆ ಏನು ಹೇಳಬೇಕೆಂದು ತೋಚಲಿಲ್ಲ. ಹಿಂದಿನ ಸಂಜೆ ಯಾರಿಗೂ ಹೇಳದೆ ಬಂದ ಪಾಠ ಅದು. ಹುಡುಗರು ತಲೆ ತಗ್ಗಿಸಿ ಕೂತಿದ್ದರು. ಆಗ ಹುಡುಗಿ ಕೇಳಿದಳು: "ಮೇಡಂ, ಆ ಕತೆ ಕೊನೆ ಅವ್ವಂಗೆ ಹೇಳುದ್ರಾ?"

"ಹೇಳಿದೆ."

"ಏನಂದ್ರು?"

ಗೊತ್ತಿಲ್ಲ ಎಂದೆ. ನಡೆದದ್ದನ್ನು ಹೇಳಿದೆ. ಸೀರೆಯ ಅಂಚು ಹಿಡಿದದ್ದನ್ನೂ ಹೇಳಿದೆ. ಆಮೇಲೆ ಒಬ್ಬೊಬ್ಬರಾಗಿ ಅವ್ವ ಏನನ್ನುತ್ತಿದ್ದಳು ಎಂದು ಊಹಿಸತೊಡಗಿದರು. ಸಾಕ್ಷಾತ್ ಅವಳ ಮಾತಿನ ಧಾಟಿಯಲ್ಲಿ, ಸೆರಗು ಎಳೆದುಕೊಳ್ಳುವ ಹಾಗೆ ಕೈ ಮಾಡಿ, ಬಳೆ ಅಂಗಡಿಯ ಹುಡುಗ ಹೇಳಿದ: "ಬಂದ ಸರಿ, ಮದ್ವೆ ಆದ ಸರಿ. ಇಷ್ಟು ದಿನ ಎಲ್ಲಿದ್ದ ಅಂತ ಒಂದ್ಮಾತು ಕೇಳ್ಬಾರ್ದಾಗಿತ್ತಾ ಈ ಗೂಬೆ?"

ನನಗೆ ನಗು ಬಂತು. ತಿಂಗಳುಗಳ ಮೇಲೆ ಬಂದ ನಗು. ಎಲ್ಲರೂ ನಕ್ಕರು. ನಗುತ್ತಿದ್ದ ಹಾಗೇ ನನ್ನಿಂದ ಅಲ್ಲಿ ಕೂರಲಾಗಲಿಲ್ಲ, ಎದ್ದು ಹೊರಗಿನ ಜಗಲಿಗೆ ಹೋಗಿ ನಿಂತೆ. ಯಾರೂ ಹಿಂದೆ ಬರಲಿಲ್ಲ. ಒಳಗೆ ಹುಡುಗಿ ಹೊಸ ಪುಸ್ತಕದ ಮೊದಲ ಪುಟವನ್ನು ಗಟ್ಟಿಯಾಗಿ ಓದುತ್ತಿರುವುದು ಕೇಳಿಸಿತು.

ಆ ತಂಡ ಹೋದ ಮೇಲೆ ಐಚ್ಛಿಕ ಇಂಗ್ಲಿಷಿಗೆ ಸೇರುವವರು ವರ್ಷ ವರ್ಷಕ್ಕೆ ಕಡಿಮೆಯಾದರು. ಕಡೆಗೆ ಯಾರೂ ಸೇರಲಿಲ್ಲ. ಗ್ರಂಥಾಲಯದ ಹಿಂದಿನ ಕೋಣೆಗೆ ಹೊಸ ಕಂಪ್ಯೂಟರುಗಳು ಬಂದವು. ನನ್ನನ್ನು ಚಾಮರಾಜನಗರದ ಕಾಲೇಜಿಗೆ ವರ್ಗ ಮಾಡಿದರು. ಅಲ್ಲಿ ಕಲಿಸಬೇಕಾಗಿದ್ದುದು ಅರ್ಜಿ ಬರೆಯುವುದು, ಸಂದರ್ಶನದಲ್ಲಿ ಮಾತಾಡುವುದು. ಮನೆಗೆ ಹತ್ತಿರ, ಒಳ್ಳೆಯದೇ ಆಯಿತಲ್ಲ ಎಂದು ಎಲ್ಲರೂ ಅಂದರು. ಹೌದು ಎಂದೆ.

ಗುಂಡ್ಲುಪೇಟೆಯಲ್ಲಿ ನನ್ನ ಕೊನೆಯ ದಿನ ಆ ಹುಡುಗಿ ಬಸ್ ಸ್ಟ್ಯಾಂಡಿಗೆ ಬಂದಿದ್ದಳು. ಅಷ್ಟರಲ್ಲಿ ಬಿ.ಇಡಿ. ಮುಗಿಸಿ ಬೇಗೂರಿನ ಕಡೆ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದಳು. ಸೀರೆ ಉಟ್ಟಿದ್ದಳು, ನನಗೆ ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ನನ್ನೊಡನೆ ಬಸ್ಸು ಹತ್ತಿದವಳು ಹೊರಡುವಾಗ ಇಳಿಯುತ್ತಾಳೆ ಎಂದುಕೊಂಡರೆ ನನ್ನ ಪಕ್ಕದಲ್ಲೇ ಕೂತಳು.

"ತೆರಕಣಾಂಬಿಗಂಟ ಬತ್ತಿನಿ ಮೇಡಂ. ಅಲ್ಲಿಂದ ವಾಪಸ್ ಬಸ್ಸು ಸಿಕ್ತದೆ."

ದಾರಿಯುದ್ದಕ್ಕೂ ಅವಳ ಶಾಲೆಯ ಮಾತೇ ಆಡಿದೆವು. ಮಕ್ಕಳು ಗೈಡು ನೋಡಿ ಬರೆಯುತ್ತಾರೆ ಎಂದು ಬೈದಳು. ಆಮೇಲೆ ಕೇಳಿದಳು: "ಇನ್ಮೇಲೆ ಆ ಕಾದಂಬರಿಗಳ್ನೆಲ್ಲ ಯಾರಿಗ್ ಹೇಳ್ತೀರಿ ಮೇಡಂ?"

ಕಿಟಕಿಯ ಹೊರಗೆ ನೋಡಿದೆ. ಅಷ್ಟರಲ್ಲಿ ತೆರಕಣಾಂಬಿ ಬಂತು. ಅವಳು ಬಗ್ಗಿ ನನ್ನ ಕಾಲು ಮುಟ್ಟಿ, ಜನರ ನಡುವೆ ನುಸುಳಿಕೊಂಡು ಇಳಿದಳು. ರಸ್ತೆ ದಾಟಿ ಆ ಬದಿಗೆ ಹೋಗಿ, ಗುಂಡ್ಲುಪೇಟೆಯ ಬಸ್ಸಿಗಾಗಿ ಕಾಯುತ್ತ, ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತಳು. ನಮ್ಮ ಬಸ್ಸು ತಿರುವು ದಾಟುವವರೆಗೂ ನಾನು ಕತ್ತು ಹೊರಳಿಸಿಕೊಂಡು ಅವಳನ್ನೇ ನೋಡಿದೆ.